ನೇಪಾಳದ ರುದ್ರಾಕ್ಷಿಯೂ ಕುಣಿಗಲ್ ಬೀಗರೂ

...ಅಥವಾ ಅದು ಹಿತ್ತಾಳೆ ಚೆಂಬೇ ಇದ್ದಿರಬಹುದು. ಗಾಜಿನ ಲೋಟ ಎಂದು ನನ್ನ ನೆನಪು ಹಟ ಹಿಡಿಯುತ್ತದೆ. ಆದರೆ ಆ ಕಾಲಕ್ಕೆ ಶಿರಾ ಗೇಟಿನ ನಮ್ಮ ಬಾಡಿಗೆ ಮನೆಯಲ್ಲಿ ಗಾಜಿನ ಲೋಟ ಇತ್ತೇ ಎಂದು ಕೇಳಿದರೆ ನನ್ನ ಹೆಂಡತಿ ನಗುತ್ತಾಳೆ. ಒಳಗಿನದು ಹೊರಗೆ ಕಂಡರೆ ಕಥೆ ಹೇಳಲು ಸಲೀಸು. ಅದಕ್ಕೇ ನೆನಪು ಚೆಂಬನ್ನು ಗಾಜು ಮಾಡಿಕೊಂಡಿರಬೇಕು. ಕುಣಿಗಲ್ ಬೀಗರ ಮುಂದೆ ಇಟ್ಟಿದ್ದ ಅದರಲ್ಲಿ ನೀರಿತ್ತು ಎಂಬುದಷ್ಟೇ ಖಂಡಿತ.

ನಾನಾಗ ತುಮಕೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಉಳಿದ ಹೊತ್ತು ನೇಪಾಳದ ಚರಿತ್ರೆ ಓದುತ್ತಿದ್ದೆ. ರೈಲು ಗುಬ್ಬಿ ದಾಟಿದರೆ ತಲೆ ಸುತ್ತುವ ನನಗೆ ನೇಪಾಳವೇಕೆ ಎಂದು ಕೇಳಬೇಡಿ. ಕಠ್ಮಂಡು ಕಣಿವೆಯ ಅರಸರು ದೇವಸ್ಥಾನಗಳಿಗೆ ಬಿಟ್ಟ ಜಮೀನನ್ನು ಯಾರು ಉಳುತ್ತಿದ್ದರು, ನೈವೇದ್ಯದ ಅಕ್ಕಿ ಕೊನೆಗೆ ಯಾರ ಮನೆ ಸೇರುತ್ತಿತ್ತು, ಇದು ನನ್ನ ವಿಷಯ. ಬೀದಿಯವರಿಗೆ ನಾನು ‘ನೇಪಾಳದ ಮೇಷ್ಟ್ರು’, ಅಷ್ಟೆ. ಒಬ್ಬರಿಗೆ ಕಸ್ತೂರಿ ಬೇಕು, ಇನ್ನೊಬ್ಬರಿಗೆ ಮಂಡಿನೋವಿಗೆ ಹಿಮಾಲಯದ ಬೇರು. ಶಿವಭಕ್ತರೇ ತುಂಬಿದ ಬೀದಿಯಾದ್ದರಿಂದ ಹೆಚ್ಚಿನವರು ರುದ್ರಾಕ್ಷಿ ಹಿಡಿದು ಬರುತ್ತಿದ್ದರು. ಅಸಲಿಯೋ ನಕಲಿಯೋ ಹೇಳಬೇಕು. ನನಗೆ ಗೊತ್ತಿಲ್ಲ ಎಂದರೆ ವಿದ್ವಾಂಸರ ವಿನಯ ಎಂದುಕೊಳ್ಳುತ್ತಿದ್ದರು.

ಈ ಕೀರ್ತಿ ಕುಣಿಗಲ್‌ವರೆಗೂ ಹಬ್ಬಿತ್ತು. ನನ್ನ ತಂಗಿ ಗಿರಿಜೆಯನ್ನು ನೋಡಲು ಅಲ್ಲಿಂದ ಬಂದ ಹುಡುಗನ ಜೊತೆ ಅವನ ತಾತನೂ ಬಂದಿದ್ದರು. ಹಿಂದಿನ ಸಂಬಂಧಗಳೆಲ್ಲ ಉಪ್ಪಿಟ್ಟು ತಿಂದು ಹೋಗಿ ಸುಮ್ಮನಾಗಿದ್ದವು. ಈ ಹುಡುಗನನ್ನು ಮಾತ್ರ ಗಿರಿಜೆ ಬಾಗಿಲ ಸಂದಿಯಿಂದ ನೋಡಿಯೇ ಒಪ್ಪಿದ್ದಳು. ಉಪ್ಪಿಟ್ಟು ಮುಗಿಯುತ್ತಲೇ ತಾತ ತಮ್ಮ ಕೊರಳ ದಾರ ಬಿಚ್ಚಿ, ಒಂದೇ ಗೀರಿನ ರುದ್ರಾಕ್ಷಿಯನ್ನು ನನ್ನ ಅಂಗೈಯಲ್ಲಿಟ್ಟರು.

“ನಮ್ಮಪ್ಪ ಪಶುಪತಿನಾಥಕ್ಕೆ ನಡ್ಕೊಂಡು ಹೋಗಿ ತಂದಿದ್ದು ಮೇಷ್ಟ್ರೇ. ಏಕಮುಖಿ. ಮನೆಗೆ ಬರೋ ಸೊಸೆಗೆ ಕಟ್ಟೋದು ನಮ್ಮ ಪದ್ಧತಿ, ಅಲ್ಲೀವರ್ಗೂ ನನ್ನ ಕೊರಳಲ್ಲಿರ್ತದೆ. ದಾಯಾದಿಗಳು ನಕಲಿ ಅಂತ ಆಡ್ಕೋತಾರೆ. ನೀವೊಂದ್ಮಾತು ಹೇಳ್ಬುಡಿ.”

ನಕಲಿ ಎಂದರೆ ಸಂಬಂಧ ಅಲ್ಲಿಗೇ ಮುಗಿಯಿತು. ಅಸಲಿ ಎಂದು, ನಾಳೆ ಬಲ್ಲವನೊಬ್ಬ ಬಂದು ಅಲ್ಲ ಎಂದರೆ, ಆ ಮನೆಯಲ್ಲಿ ಕೂತು ಮಾತು ಕೇಳುವವಳು ಗಿರಿಜೆ. ನಾನು ದೇವಸ್ಥಾನದ ಜಮೀನಿನ ವಿಷಯ ಶುರುಮಾಡಿದೆ. ಬಾಯಿ ಒಣಗುವವರೆಗೂ ಹೇಳಿದೆ. ತಾತ ತಾಳ್ಮೆಯಿಂದ ಕೇಳಿದರು.

“ಅದು ಸರಿ ಮೇಷ್ಟ್ರೇ. ಅಸಲಿ ಆದ್ರೆ ನೀರಲ್ಲಿ ಮುಳುಗ್ತದಂತಲ್ಲ. ಹಾಕಿ ನೋಡಾಣ್ವಾ?” ಎಂದು ಮುಂದಿದ್ದ ನೀರನ್ನು ನನ್ನ ಕಡೆ ಸರಿಸಿದರು.

ಹುಡುಗ ತಲೆ ತಗ್ಗಿಸಿದ. ನಮ್ಮಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ನಾನು ರುದ್ರಾಕ್ಷಿಯನ್ನು ನೀರಿನ ಮೇಲೆ ಹಿಡಿದೆ. ಆಗ ಗಿರಿಜೆ ಕಾಫಿ ತಟ್ಟೆ ಹಿಡಿದು ಹೊರಗೆ ಬಂದಳು.

“ತಾತ, ಅದು ಕುಡಿಯೋಕಿಟ್ಟ ನೀರು. ಅಣ್ಣನ್ನ ಕೇಳಿದ್ರೆ ದೇವಸ್ಥಾನದ ಗದ್ದೆ ಯಾರ್ದು ಅಂತ ಹೇಳ್ತಾನೆ, ದೇವ್ರ ವಿಷ್ಯ ಅವನಿಗೇನು ಗೊತ್ತು? ಕಟ್ಟಿಸ್ಕೊಳ್ಳೋಳು ನಾನು. ನನ್ನ ಕೇಳಿ.”

“ಕೇಳ್ದೆ ಕಣವ್ವ. ಏನಂತೀಯ?”

“ನೀರಿಗೆ ಹಾಕ್ಬೇಡಿ.”

ತಾತ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ರುದ್ರಾಕ್ಷಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಆ ನೀರನ್ನು ಎತ್ತಿ ಪೂರಾ ಕುಡಿದುಬಿಟ್ಟರು. ಮದುವೆಯಾಯಿತು.

ಬಹಳ ದಿನಗಳ ಮೇಲೆ ಕುಣಿಗಲ್‌ಗೆ ಹೋದಾಗ ಗಿರಿಜೆಯ ಕೊರಳಲ್ಲಿ ಅದು ಕಂಡಿತು. “ಒಂದ್ಸಲ ಹಾಕಿ ನೋಡೋಣ್ವೇನೇ?” ಎಂದೆ.

“ನಿನ್ನ ನೇಪಾಳ ನೀನು ನೋಡ್ಕೋ ಹೋಗಣ್ಣ,” ಎಂದಳು.

ಅದು ಅಸಲಿಯೋ ನಕಲಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನಿಲ್ಲದಾಗ ಅವಳೇ ಯಾವಾಗಲಾದರೂ ನೀರಿಗೆ ಹಾಕಿ ನೋಡಿದ್ದಳೋ ಏನೋ, ಅದೂ ಗೊತ್ತಿಲ್ಲ.