ನನ್ನ ಬದಲು ಹಾಡುವ ಯಂತ್ರ

ಈ ಯಂತ್ರ ಮನೆಗೆ ಬಂದ ಮೇಲೆ ಮರ್ಯಾದೆಯಿಂದ ಮುಗಿದ ಭಜನೆ ಒಂದೂ ಇಲ್ಲ.

ನಂಜನಗೂಡಿನ ಕಡೆ ಹುಟ್ಟಿ, ಮದುವೆಯಾಗಿ ಶಿರಸಿಗೆ ಬಂದು, ಇಲ್ಲಿನ ಹೆಂಗಸರಿಗೆ ಹಾಡು ಕಲಿಸುವ 'ಅಕ್ಕೋರು' ಆಗಿಯೇ ಮುದುಕಿಯಾದವಳು ನಾನು. ಗಂಟಲಿನ ಆಪರೇಷನ್ ಆದ ಮೇಲೆ ಸ್ವರ ಮೇಲೇಳುವುದನ್ನೇ ಬಿಟ್ಟಿತು. ಹಾಡಲಾಗದ ಅಕ್ಕೋರು ಭಜನೆಯ ಮುಂದಿನ ಸಾಲಿನಲ್ಲಿ ಯಾಕೆ? ಆ ಸಾಲು ಬಿಟ್ಟರೆ ಈ ಊರಲ್ಲಿ ನನಗೆ ಬೇರೆ ಜಾಗವೂ ಗೊತ್ತಿಲ್ಲ. ನನ್ನ ಬದಲು ಯಂತ್ರವೇ ಹಾಡಲಿ ಎಂದು ಹಳೇ ಮಾದರಿಯ ಸಿಂಥಸೈಜರ್ ತಂದೆ. ಅದರೊಳಗೆ ಆಸಿಲೇಟರ್ ಎಂಬ ಎರಡು ಗಂಟಲುಗಳಿವೆ. ಸ್ವರ ಏರಿಸಲು, ಇಳಿಸಲು, ಜಾರಿಸಲು, ನಡುಗಿಸಲು ಒಂದೊಂದು ತಿರುಪು. ಎಲ್ಲ ಇದೆ, ಹೇಳಿದ ಮಾತು ಕೇಳುವುದಿಲ್ಲ.

ಜಾರು

ಮನುಷ್ಯರ ಗಂಟಲು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದಲ್ಲ, ಅದಕ್ಕೊಂದು ತಿರುಪು. ಸ್ವಲ್ಪ ಹೆಚ್ಚೇ ತಿರುಗಿಸಿದ್ದೆ. ಷಡ್ಜದಿಂದ ಪಂಚಮಕ್ಕೆ ಬೆರಳಿಟ್ಟರೆ ಅದು ಊಂ ಎನ್ನುತ್ತ ನಿಧಾನಕ್ಕೆ ಹೊರಟಿತು. ಹೆಂಗಸರು ಬಾಯಿ ತೆರೆದುಕೊಂಡು ಕಾದರು.

"ಪಂಚಮ ಬಂತನೇ?" ಎಂದರು ಎದುರುಮನೆಯವರು.

"ಇನ್ನೂ ಬಂಜಿಲ್ಲೆ. ಘಟ್ಟ ಹತ್ತತಾ ಇದ್ದು," ಎಂದಳು ಅವರ ಸೊಸೆ.

ಎರಡು ಗಂಟಲು

ಎರಡು ಆಸಿಲೇಟರುಗಳ ಶ್ರುತಿಯನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಿದರೆ ಸ್ವರ ತುಂಬಿಕೊಳ್ಳುತ್ತದೆ ಎಂದು ರಿಪೇರಿಯವರು ಹೇಳಿಕೊಟ್ಟಿದ್ದರು. ದಾಸನಕೊಪ್ಪದ ಕಾರ್ಯಕ್ರಮದಲ್ಲಿ ತಿರುಪು ಕೈ ತಪ್ಪಿ, ಕೂದಲೆಳೆ ಹೋಗಿ ಹಗ್ಗವಾಯಿತು. ವಂವ್ ವಂವ್ ಎಂದು ಎರಡೂ ಕಚ್ಚಾಡಿದವು.

ಮೈಕಿನವರು ಓಡಿಬಂದರು. "ಅಕ್ಕೋರ, ಒಳಗ ಇಬ್ರು ಅದಾರೇನ್ರಿ? ಮೊದಲ ಜಗಳಾ ಬಿಡಸ್ರಿ!"

ಗಾಬರಿಯಲ್ಲಿ ಒಂದನ್ನು ಪೂರ್ತಿ ಬಂದ್ ಮಾಡಿದೆ. ಅವರು ಕಿವಿಗೊಟ್ಟು ಕೇಳಿ ತಲೆದೂಗಿದರು.

"ಸುಮ್ಮನಾದಾಂವ ಗಂಡಾನ ಇರಬೇಕ್ರಿ."

ನಡುಕ

ತ್ಯಾಗಲಿಯ ಒಂದು ಮನೆಯ ಭಜನೆಯಲ್ಲಿ ಗಮಕಕ್ಕೆಂದು ನಡುಗಿಸುವ ತಿರುಪು ಮುಟ್ಟಿದೆ. ಆ ಮನೆಯ ಅಜ್ಜಿ ಒಳಗೆ ಹೋಗಿ ಕಂಬಳಿ ತಂದು ಯಂತ್ರಕ್ಕೆ ಹೊದಿಸಿದರು.

ಮಾಗೋಡು

ಈ ಊರಿನ ಮನೆಯೊಂದರ ಪೂಜೆಯಲ್ಲೂ ಮಾನ ಹೋದರೆ ಯಂತ್ರವನ್ನು ಅಟ್ಟಕ್ಕೆ ಹಾಕಿ, ಹಿಂದಿನ ಸಾಲಿನಲ್ಲಿ ತಾಳ ಹಿಡಿದು ಕೂರುವುದೆಂದು ನಿಶ್ಚಯಿಸಿಕೊಂಡೇ ಹೊರಟಿದ್ದೆ.

ತಣ್ಣಗಿರುವ ಆಸಿಲೇಟರ್ ಬಿಸಿಯಾಗುತ್ತ ಹೋದ ಹಾಗೆ ಶ್ರುತಿ ಮೇಲಕ್ಕೆ ಸರಿಯುತ್ತದೆ. ಅದಕ್ಕೇ ಮುಂಚಿತವಾಗಿ ಚಾಲೂ ಮಾಡಿಡಬೇಕು. ಆದರೆ ಈ ಕಡೆಯ ಮನೆಗಳಲ್ಲಿ ಆಸರಿಗೆ ಕುಡಿಯದೆ ಯಾವ ಕೆಲಸಕ್ಕೂ ಬಿಡುವುದಿಲ್ಲ. ಬೆಲ್ಲ ನೀರು, ಆಮೇಲೆ ಪಾನಕ, ಆಮೇಲೆ "ಚಾ ಆದ್ರೂ ಕುಡೀರಿ". ಅಷ್ಟರಲ್ಲಿ ಮುಹೂರ್ತ ಬಂತು. ತಣ್ಣನೆಯ ಯಂತ್ರದಲ್ಲೇ ಶುರು ಮಾಡಿದೆ.

ಎರಡನೆಯ ಹಾಡಿಗೆ ಶ್ರುತಿ ಮೆಲ್ಲಗೆ ಏರತೊಡಗಿತು. ಯಂತ್ರ ಬಂದ ಮೇಲೆ ಹಾರ್ಮೋನಿಯಂ ಬಿಟ್ಟಿದ್ದೆವು, ಹೋಲಿಸಿ ನೋಡಲು ಬೇರೇನೂ ಇಲ್ಲ. ನಮ್ಮ ಮಂಡಳಿಯಲ್ಲಿ ಅಕ್ಕೋರು ಕೊಟ್ಟ ಶ್ರುತಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಯಂತ್ರ ಏರಿತು, ಅವರೂ ಏರಿದರು. ನಡುವೆ ತಿರುಪು ಮುಟ್ಟಿದರೆ ಎಲ್ಲರೂ ಒಟ್ಟಿಗೆ ಬೀಳುತ್ತಾರೆಂದು ನಾನು ದೇವರ ಕಡೆ ನೋಡುತ್ತ ಕೂತೆ. ಮಂಗಳಾರತಿಯ ಹೊತ್ತಿಗೆ ಹೆಂಗಸರ ಕುತ್ತಿಗೆಯ ನರ ಉಬ್ಬಿತ್ತು. ಅಂಗಳದ ನಾಯಿ ಆಕಾಶಕ್ಕೆ ಮುಖವೆತ್ತಿ ನಮ್ಮೊಡನೆ ಸೇರಿಕೊಂಡಿತು.

ಮುಗಿದ ಮೇಲೆ ತಲೆ ತಗ್ಗಿಸಿ ವೈರು ಸುತ್ತುತ್ತಿದ್ದೆ. ನನ್ನ ಬಳಿ ಮೊಟ್ಟಮೊದಲು ಕಲಿಯಲು ಬಂದಿದ್ದ ಶಿಷ್ಯೆ, ಈಗ ಅವಳೂ ಅಜ್ಜಿಯೇ, ಬಂದು ಕಣ್ಣೊರೆಸಿಕೊಂಡು ಕೈ ಹಿಡಿದಳು.

"ಅಕ್ಕೋರೇ, ಇವತ್ತು ಖರೇ ನಿಮ್ಮ ಸ್ವರನೇ ಬಂತು."

"ಸುಮ್ಮನಿರೇ. ಶ್ರುತಿ ಮೇಲೆ ಹೋದದ್ದು ಗೊತ್ತಾಗಲಿಲ್ಲವಾ?"

"ಅದೇಯ! ಯಂಗಳಿಗೆ ಕಲಿಸುವಾಗ್ಲೂ ನೀವು ಹೀಂಗೇ ಮೇಲ್ಮೇಲೆ ಹೋಗ್ತಿದ್ರಿ. ನಿಮ್ಗೆ ಹ್ಯಾಂಗೆ ಹೇಳದು ಅಂತ ಎಲ್ಲರೂ ಸುಮ್ನಿದ್ಯ."