ಗಾಳಿ ಸೋರುವ ಗಾಡಿ

ನಾಲ್ಕು ಜನ ನಿಂತು ನಗುವಂಥದ್ದೇನಾದರೂ ನಮ್ಮಲ್ಲಿ ನಡೆಯುತ್ತಲೇ ಇರುತ್ತದೆ, ಅದೂ ಹೆಚ್ಚಾಗಿ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗಿನಲ್ಲಿ. ಕಾರಣ, ನನ್ನ ಹಳೆಯ ವಿದೇಶಿ ಗಾಡಿ.

ನಾನು ವಡೋದರಾದ ಮಕರಪುರದಲ್ಲಿ, ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ನಮ್ಮ ಶೇಠರು ಹೊಸ ಕಾರು ಕೊಂಡಾಗ ಇದನ್ನು ಗುಜರಿಗೆ ಹಾಕಲು ಹೊರಟಿದ್ದರು. ಯಾವ ಕೆಸರಿನಿಂದಲೂ ಎದ್ದು ಬರುವ ಫೋರ್ ವೀಲ್ ಡ್ರೈವ್, ಚರ್ಮದ ಸೀಟು, ಒಳಗೆಲ್ಲ ಮರದ ಅಲಂಕಾರ. ಗುಜರಿಗೆ ಬಿಡಲು ಮನಸ್ಸಾಗದೆ ಮನೆಗೆ ತಂದುಕೊಂಡೆ. ರಿಪೇರಿಯೂ ನನ್ನದೇ. ನಮ್ಮ ಯಜಮಾನರು ಕಾಲೇಜಿನಲ್ಲಿ ಇತಿಹಾಸ ಹೇಳುವವರು. ಅವರ ಕೈಗೆ ಸ್ಪ್ಯಾನರ್ ಕೊಟ್ಟರೆ ಯಾವ ಶತಮಾನದ್ದು ಎಂದು ತಿರುಗಿಸಿ ನೋಡುತ್ತಾರೆ. ಹುಬ್ಬಳ್ಳಿಯ ನಮ್ಮ ಅತ್ತೆಯವರೂ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಮಂಡಿನೋವು.

ಕಾಕಾ ತಂದ ಪಂಪು

ಗಾಡಿ ಬಂದ ಮರುದಿನ ಬೆಳಿಗ್ಗೆಯೇ, ನನ್ನನ್ನು ಬೆನ್, ಅಂದರೆ ತಂಗಿ, ಎಂದು ಕರೆಯುವ ಪಕ್ಕದ ಮನೆಯ ಕಾಕಾ ಬಾಗಿಲು ಬಡಿದರು. ಕೈಯಲ್ಲಿ ಸೈಕಲ್ ಪಂಪು. ನಿಮ್ಮ ಗಾಡಿಯ ನಾಲ್ಕೂ ಟಯರು ಪಂಕ್ಚರ್ ಆಗಿವೆ, ಹೊಟ್ಟೆ ನೆಲಕ್ಕೆ ತಾಗುವುದೊಂದು ಬಾಕಿ ಎಂದರು. ಓಡಿಹೋಗಿ ನೋಡಿದರೆ ಟಯರುಗಳೆಲ್ಲ ಗಟ್ಟಿಯಾಗಿಯೇ ಇದ್ದವು. ಗಾಡಿ ಮಾತ್ರ ದಣಿದ ಒಂಟೆಯ ಹಾಗೆ ಕೂತಿತ್ತು.

ಈ ಗಾಡಿಗೆ ಉಕ್ಕಿನ ಸ್ಪ್ರಿಂಗ್ ಇಲ್ಲ. ಅದರ ಬದಲು ರಬ್ಬರಿನ ಗಾಳಿಚೀಲಗಳಿವೆ. ಎಲ್ಲೋ ಗಾಳಿ ಸೋರಿ ರಾತ್ರಿ ಕಳೆಯುವುದರೊಳಗೆ ಕುಸಿಯುತ್ತದೆ, ಎಂಜಿನ್ ಶುರು ಮಾಡಿದರೆ ಮತ್ತೆ ಗಾಳಿ ತುಂಬಿಕೊಂಡು ಏಳುತ್ತದೆ. ಇಷ್ಟನ್ನೂ ಕಾಕಾಗೆ ನನ್ನ ಅರೆಬರೆ ಗುಜರಾತಿಯಲ್ಲಿ ವಿವರಿಸಿದೆ. ಅವರು ಪಂಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮರುಕದಿಂದ ಗಾಡಿಯನ್ನು ನೋಡಿದರು.

"ರಿಟೈರ್ ಆದಮೇಲೆ ನನಗೂ ಹೀಗೇ ಆಗಿದೆ ಬೆನ್. ಚಹಾ ಕುಡಿದರೆ ಏಳ್ತೀನಿ."

ಕೆಳಗಿನಿಂದ ಸ್ನಾನ

ಭಾನುವಾರ ಸೋರಿಕೆ ಹುಡುಕಲು ಕೂತೆ. ಜಾಕಿ ಏರಿಸಿ, ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು, ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕಲಸಿಕೊಂಡು ಗಾಡಿಯ ಅಡಿಗೆ ತೂರಿದೆ. ಗಾಳಿ ಬರುವ ಕಡೆ ಸೋಪಿನ ನೀರು ಗುಳ್ಳೆಯೇಳುತ್ತದೆ, ವಿದ್ಯೆ ಅಷ್ಟೇ. ಯಜಮಾನರು ಟಾರ್ಚ್ ಹಿಡಿದರು. ಅತ್ತೆ ಕುರ್ಚಿ ಹಾಕಿಸಿಕೊಂಡು ಕಾವಲು ಕೂತರು.

ಹಿಂದಿನ ಎಡಗಡೆಯ ಚೀಲದಲ್ಲಿ ಗುಳ್ಳೆ ಕಂಡಿತು. ಖುಷಿಗೆ ಇನ್ನಷ್ಟು ಸೋಪಿನ ನೀರು ಸಿಂಪಡಿಸಿದೆ. ನೊರೆ ಹರಿದು ಹೊರಗೆ ಬಂತು. ಅಷ್ಟರಲ್ಲಿ ಕಾಕಾ ಹಾಲು ತರಲು ಹೊರಟವರು ನಿಂತರು. ಅವರಿಗೆ ಕಂಡದ್ದು ನನ್ನ ಎರಡು ಪಾದ ಮತ್ತು ನೊರೆ. ಸ್ವಲ್ಪ ಹೊತ್ತು ನೋಡಿ, ಪಾದಗಳಿಗೆ ಕೇಳುವಂತೆ ಬಗ್ಗಿ ಮೆಲ್ಲಗೆ ಹೇಳಿದರು:

"ಬೆನ್, ಕಾರನ್ನ ಸಾಮಾನ್ಯವಾಗಿ ಮೇಲಿನಿಂದ ತೊಳೀತಾರೆ."

ಮೆಕ್ಯಾನಿಕ್‌ಗೆ ಫೋನ್ ಕೊಡಿ

ಹೊಸ ಚೀಲಕ್ಕೆ ಅಹಮದಾಬಾದಿನ ಒಂದು ಅಂಗಡಿಗೆ ಫೋನ್ ಮಾಡಿದೆ. ನಾನು ಮಾತು ಶುರು ಮಾಡುತ್ತಲೇ ಅಂಗಡಿಯವರು, ಸರ್ ಇದ್ದರೆ ಕೊಡಿ ಎಂದರು. ಸರ್ ಪಕ್ಕದಲ್ಲೇ ಉತ್ತರಪತ್ರಿಕೆ ತಿದ್ದುತ್ತಿದ್ದರು, ಕೊಟ್ಟೆ.

ಯಾವ ಮಾಡೆಲ್ ಎಂದು ಅವರು ಕೇಳಿದರು, ಯಜಮಾನರು ನನ್ನ ಮುಖ ನೋಡಿದರು. ಹೇಳಿಕೊಟ್ಟೆ. ಮುಂದಿನದೋ ಹಿಂದಿನದೋ? ಮತ್ತೆ ನನ್ನ ಮುಖ. ಪೈಪು ಸೇರುವ ಬಾಯಿ ಯಾವ ಥರದ್ದು ಎಂದಾಗ ಯಜಮಾನರು ದುಂಡಗಿದೆ ಎಂದು ತಾವೇ ಒಂದು ಉತ್ತರ ಕೊಟ್ಟುಬಿಟ್ಟರು. ಅಂಗಡಿಯವರ ತಾಳ್ಮೆ ಮುಗಿಯಿತು. ಸರ್, ನಿಮ್ಮ ಮೆಕ್ಯಾನಿಕ್‌ಗೆ ಫೋನ್ ಕೊಡಿ ಎಂದರು. ಇವರು ಫೋನನ್ನು ನನ್ನ ಕೈಗಿಟ್ಟು ಉತ್ತರಪತ್ರಿಕೆಗೆ ಮರಳಿದರು.

ಬೇಕಾದ್ದನ್ನೆಲ್ಲ ಹೇಳಿದೆ. ಆ ಕಡೆ ಬರೆದುಕೊಂಡದ್ದಾಯಿತು. ಆಮೇಲೆ ಸಂಕೋಚದಿಂದ ಒಂದು ಪ್ರಶ್ನೆ ಬಂತು.

"ಹಾಗಾದ್ರೆ ಸರ್ ಏನು ಮಾಡ್ತಾರೆ?"

"ಟಾರ್ಚ್ ಹಿಡೀತಾರೆ" ಎಂದೆ.

ಹುಣಸೆಹಣ್ಣಿನ ಹೊಳಪು

ಚೀಲ ಬಂತು. ಹಳೆಯದನ್ನು ಬಿಚ್ಚಿ, ಬೋಲ್ಟುಗಳನ್ನು ಯಾವುದು ಎಲ್ಲಿಂದ ಬಂತೋ ಅದೇ ಕ್ರಮದಲ್ಲಿ ಒಂದು ತಟ್ಟೆಯಲ್ಲಿ ಜೋಡಿಸಿ ಊಟಕ್ಕೆ ಹೋದೆ. ಕೈತೊಳೆದು ಬಂದರೆ ತಟ್ಟೆಯೇ ಇಲ್ಲ. ಅತ್ತೆ ಅದನ್ನು ಅಡುಗೆಮನೆಗೆ ತರಿಸಿಕೊಂಡು, ಹುಣಸೆಹಣ್ಣು ಹಾಕಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಎಲ್ಲವನ್ನೂ ಒಂದು ಸ್ಟೀಲಿನ ಡಬ್ಬಿಗೆ ತುಂಬಿಟ್ಟಿದ್ದರು. ದೇವರ ದೀಪದ ಹಾಗೆ ಹೊಳೆಯುತ್ತಿದ್ದವು.

ಬಯ್ಯುವುದು ಹೇಗೆ? ಮಂಡಿನೋವಿನಲ್ಲಿ ನಿಂತುಕೊಂಡು ತೊಳೆದಿದ್ದರು. ಆದರೂ ತಡೆಯಲಾಗದೆ, ಅತ್ತೆ, ಒಂದೊಂದು ಬೋಲ್ಟಿಗೂ ಅದರದೇ ಜಾಗ ಇತ್ತು ಎಂದೆ. ಅವರು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು.

"ಎಲ್ಲಾ ಒಂದ ನಮೂನಿ ಅದಾವವಾ. ಅದಲಿ ಬದಲಿ ಹಾಕಿದ್ರ ಕಾರಿಗೆ ಹೆಂಗ ಗೊತ್ತಾಗ್ತದ?"

ಉದ್ದ, ದಪ್ಪ ಅಳೆದು ಅಳೆದು ಸಂಜೆಯವರೆಗೆ ಜೋಡಿಸಿದೆ. ಆಮೇಲೆ ಕೀಲಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಕಾರಿಗೆ ಗೊತ್ತಾಗಿತ್ತು.

ಮರ್ಯಾದೆ

ಬಿಚ್ಚಿ, ತಪ್ಪು ಸರಿಪಡಿಸಿ, ಮತ್ತೆ ಕೂಡಿಸಿದೆ. ದೀಪಗಳು ಆರಿದವು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಗಾಡಿ ಒಂದಿಷ್ಟೂ ಕುಸಿಯದೆ ಎದೆಯುಬ್ಬಿಸಿ ನಿಂತಿತ್ತು. ಕಣ್ಣು ತುಂಬಿ ಬಂತು. ಕಾಕಾ ಬಂದು ಕೈಕುಲುಕಿದರು.

ಅತ್ತೆ ಮಾತ್ರ ಗಾಡಿಯ ಮುಂದೆ ಮುಖ ಸಣ್ಣದು ಮಾಡಿಕೊಂಡು ನಿಂತರು. ಅವರನ್ನು ನಾನು ದಿನಾ ಬೆಳಿಗ್ಗೆ ಹತ್ತಿರದ ಉದ್ಯಾನಕ್ಕೆ ಬಿಟ್ಟು ಕೆಲಸಕ್ಕೆ ಹೋಗುತ್ತೇನೆ. ಅಲ್ಲಿ ಗುಜರಾತಿ ಗೆಳತಿಯರ ದೊಡ್ಡ ಗುಂಪೇ ಇದೆ. ಇವರದು ಕನ್ನಡ, ಅವರದು ಗುಜರಾತಿ, ಮಾತಿಗೇನೂ ಬರವಿಲ್ಲ. ರಿಪೇರಿಗೆ ಮುಂಚೆ ಬೆಳಿಗ್ಗೆ ಗಾಡಿ ಕೂತೇ ಇರುತ್ತಿತ್ತು, ಅತ್ತೆ ಮಂಡಿ ಎತ್ತದೆ ಸಲೀಸಾಗಿ ಒಳಗೆ ಸೇರುತ್ತಿದ್ದರು. ಎಂಜಿನ್ ಶುರುವಾದರೆ ಗಾಡಿ ಅವರನ್ನು ಹೊತ್ತು ಮೆಲ್ಲಗೆ ಏಳುತ್ತಿತ್ತು. ಸೊಸೆಯ ಗಾಡಿ ನನಗೆ ದಿನಾ ಬಗ್ಗಿ ನಮಸ್ಕಾರ ಮಾಡುತ್ತದೆ ಎಂದು ಉದ್ಯಾನದ ತುಂಬ ಕೈಸನ್ನೆಯಲ್ಲೇ ಸಾರಿಬಿಟ್ಟಿದ್ದರಂತೆ. ಅದು ನನಗೆ ಗೊತ್ತಾಗಿದ್ದೇ ಆಗ.

"ನಾ ಹತ್ತಬಾರದಂತ ಎತ್ತರ ಮಾಡೀಯೇನು?" ಎಂದರು.

ನನಗೆ ನಗುವೂ ಬಂತು, ಕೆಡುಕೂ ಎನಿಸಿತು. ಪುಣ್ಯಕ್ಕೆ ಒಂದು ದಾರಿ ಇತ್ತು. ಈ ಗಾಡಿಯನ್ನು ಬೇಕೆಂದಾಗ ಕೆಳಗಿಳಿಸಲು ಒಂದು ಗುಂಡಿ ಇದೆ. ಸೋರುತ್ತಿದ್ದಾಗ ಅದು ಕೆಲಸ ಮಾಡುತ್ತಿರಲಿಲ್ಲ, ಈಗ ಮಾಡುತ್ತದೆ. ಹೆಮ್ಮೆಯಿಂದ ಒತ್ತಿದೆ. ಗಾಡಿ ಉಸ್ಸೆಂದು ಇಳಿದು ಅತ್ತೆಯ ಮಂಡಿಯ ಮಟ್ಟಕ್ಕೆ ಬಂತು. ನೋಡಿ, ಇನ್ನು ಮುಂದೆ ಉದ್ಯಾನದ ಗೇಟಿನಲ್ಲೂ ಎಲ್ಲರೆದುರು ಬಗ್ಗಿಸುತ್ತೇನೆ ಎಂದೆ.

ಅತ್ತೆ ಒಳಗೆ ಕೂತರು, ಸೆರಗು ಸರಿಮಾಡಿಕೊಂಡರು. ಆದರೆ ಮುಖ ಅರಳಲಿಲ್ಲ.

"ಮದಲ ತಾನಾಗೇ ಕುಂದರತಿತ್ತು, ಅದು ಮರ್ಯಾದಿ. ಗುಂಡಿ ಒತ್ತಿದ ಮ್ಯಾಲೆ ಕುಂದ್ರೂದು ನೌಕರಿ."