ಹೆಡ್‌ಸೆಟ್ಟಿನ ತಳದಲ್ಲಿ ಅಕ್ಕನ ಹಾಡು

ಏನಾಗಿರಬಹುದು, ನೀವೇ ಊಹಿಸಿ ನೋಡೋಣ. ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡೇ ತಲೆ ನರೆಸಿಕೊಂಡ ಮನುಷ್ಯ ನಾನು. ಈಗ ರಿಟೈರಾಗಿ ಚೆನ್ನೈನ ವೇಲಚೇರಿಯ ಫ್ಲ್ಯಾಟಿನಲ್ಲಿ ಕೂತಿದ್ದೇನೆ. ಎದುರಿಗೆ ಕಂಪ್ಯೂಟರು, ತಲೆಯ ಮೇಲೆ ಹೊಚ್ಚ ಹೊಸ ಯುಎಸ್‌ಬಿ ಹೆಡ್‌ಸೆಟ್ಟು, ಪರದೆಯ ಮೇಲೆ ತುಮಕೂರಿನಲ್ಲಿರುವ ನಮ್ಮಕ್ಕ. ಅಕ್ಕ ಬಾಯಿತುಂಬ ಹಾಡುತ್ತಿದ್ದಾಳೆ. ವಾಲ್ಯೂಮಿನ ಗುರುತು ನೂರಕ್ಕೆ ನೂರು ತೋರಿಸುತ್ತಿದೆ. ನನ್ನ ಕಿವಿಗೆ ಬರುತ್ತಿರುವುದು ಮಾತ್ರ ಆಳದ ಬಾವಿಯ ತಳದಲ್ಲಿ ಯಾರೋ ಬಿಂದಿಗೆ ತೊಳೆಯುತ್ತಿರುವಂಥ ಸದ್ದು. ಏನಾಗಿರಬಹುದು?

ನೀವು ಊಹಿಸಿದ್ದು ಯಾವುದೂ ಅಲ್ಲ. ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಒಂದು ಮುಗಿದು ಕಾಫಿ ಲೋಟ ತೊಳೆದಿಡುವಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಟಿರುತ್ತದೆ.

ಮೊದಲು ಹಾಡಿನ ವಿಚಾರ ಹೇಳಿಬಿಡುತ್ತೇನೆ. ಮಗಳಿಗೆ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಮದುವೆಗೆ ಮುಂಚೆ ಒನಕೆಗೆ ಹೂ ಕಟ್ಟಿ ಅರಿಶಿನ ಕುಟ್ಟುವ ಶಾಸ್ತ್ರ. ಕುಟ್ಟುವಾಗ ಹಾಡಲಿಕ್ಕೆ ನಮ್ಮ ಮನೆತನದ್ದೇ ಒಂದು ಹಾಡಿದೆ. ಅಮ್ಮನಿಂದ ಅಕ್ಕನಿಗೆ ಬಂದದ್ದು, ಅಕ್ಕನಿಂದ ಮುಂದಕ್ಕೆ ಹೋಗಿಲ್ಲ. ಅಕ್ಕನಿಗೆ ಮಂಡಿನೋವು, ಚೆನ್ನೈವರೆಗೆ ಬರಲಾರಳು. ಹಾಗಾಗಿ ಅವಳು ಕಂಪ್ಯೂಟರಿನಲ್ಲಿ ಹಾಡಬೇಕು, ನಾನು ರೆಕಾರ್ಡ್ ಮಾಡಬೇಕು, ನನ್ನ ಹೆಂಡತಿ ಕಲಿಯಬೇಕು. ಇದು ಆಗದಿದ್ದರೆ ಮಗಳ ಅರಿಶಿನವನ್ನು ಮೂಕರ ಹಾಗೆ ಕುಟ್ಟಬೇಕಾಗುತ್ತದೆ, ಹಾಡೂ ಅಕ್ಕನ ಹತ್ತಿರವೇ ನಿಂತುಹೋಗುತ್ತದೆ. ಮೊಬೈಲಿನಲ್ಲಿ ಆಗುತ್ತಿರಲಿಲ್ಲವೇ ಎಂದು ಕೇಳಬೇಡಿ. ನನ್ನದು ಗುಂಡಿ ಒತ್ತುವ ಮೊಬೈಲು, ಹೆಂಡತಿಯದು ಸಾಂಬಾರಿನಲ್ಲಿ ಒಮ್ಮೆ ಮುಳುಗಿ ಎದ್ದದ್ದು.

ಊರ ಕೆರೆ

ನಮ್ಮ ಕಂಪ್ಯೂಟರು ಹಳೆಯದು. ಹೊಸ ವಿಂಡೋಸ್ ಹಾಕಿದರೆ ಏದುಸಿರು ಬಿಡುತ್ತಿತ್ತು. ಪೆರುಂಗುಡಿಯ ಆಫೀಸೊಂದರಲ್ಲಿ ಕೆಲಸ ಮಾಡುವ ಮಗಳು ಒಂದು ಭಾನುವಾರ ಕೂತು ಅದಕ್ಕೆ ಲಿನಕ್ಸ್ ಹಾಕಿಕೊಟ್ಟಳು.

"ಇದು ಯಾರ ಕಂಪನಿದಮ್ಮ?" ಎಂದೆ.

"ಯಾರದೂ ಇಲ್ಲಪ್ಪಾ. ಎಲ್ಲಾರದೂ. ಓಪನ್ ಸೋರ್ಸ್. ಯಾರು ಬೇಕಾದ್ರೂ ಒಳಗೆ ನೋಡಬಹುದು, ಸರಿ ಮಾಡಬಹುದು," ಎಂದಳು. ಮದರಾಸಿನಲ್ಲೇ ಓದಿದ ಹುಡುಗಿ. ಕನ್ನಡದಲ್ಲಿ ಇಷ್ಟುದ್ದ ಮಾತಾಡಿದ್ದೇ ನನಗೆ ಸಂತೋಷ.

ನನಗೆ ಆ ವಿಚಾರ ತುಂಬ ಹಿಡಿಸಿತು. ಊರ ಮುಂದಿನ ಕೆರೆಯ ಹಾಗೆ ಅನ್ನಿಸಿತು. ಯಾರು ಬೇಕಾದರೂ ನೀರು ಮೊಗೆಯಬಹುದು, ಹೂಳೆತ್ತುವಾಗ ಎಲ್ಲರೂ ಗುದ್ದಲಿ ಹಿಡಿಯಬೇಕು. ಕಣ್ಣುಮುಚ್ಚಿ ಆ ಕೆರೆ, ಏರಿ, ಏರಿಯ ಮೇಲೆ ಸಾಲಾಗಿ ನಿಂತು ಕಂಪ್ಯೂಟರು ರಿಪೇರಿ ಮಾಡುತ್ತಿರುವ ನಾನಾ ದೇಶದ ಜನ, ಎಲ್ಲವನ್ನೂ ಕಂಡೆ. ಕಂಡದ್ದನ್ನು ಹೆಂಡತಿಗೆ ವಿವರವಾಗಿ ಹೇಳಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತ ಪೂರ್ತಿ ಕೇಳಿಸಿಕೊಂಡಳು.

"ಅಲ್ಲ ರೀ, ಯಾರದೂ ಅಲ್ಲ ಅಂದ್ಮೇಲೆ, ಕೆಟ್ಟೋದ್ರೆ ಬಯ್ಯೋದು ಯಾರನ್ನ?"

ಅದರ ಉತ್ತರ ಒಂದು ವಾರದಲ್ಲಿ ಗೊತ್ತಾಯಿತು. ನನ್ನನ್ನು.

ಮುಟ್ಟುವುದು ನಮ್ಮ ಕೆಲಸವಲ್ಲ

ಕಂಟ್ರೋಲ್ ಆಫೀಸು ಅಂದರೆ ಏನೆಂದು ಹೇಳಬೇಕು. ಒಂದು ಮೇಜು, ಒಂದು ಹೆಡ್‌ಫೋನು, ಮೇಜಿನ ಮೇಲೆ ಗೆರೆ ಎಳೆದ ದೊಡ್ಡ ಹಾಳೆ. ಒಂದೇ ತಂತಿಯಲ್ಲಿ ಉದ್ದಕ್ಕೂ ಇರುವ ಸ್ಟೇಷನ್ ಮಾಸ್ಟರುಗಳೆಲ್ಲ ಸಿಗುತ್ತಾರೆ. ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವುದು ಮುಂದೆ ಹೋಗಬೇಕು ಎಂದು ನಾವು ಹೇಳಬೇಕು, ಅವರು ಅದನ್ನೇ ತಿರುಗಿ ಹೇಳಬೇಕು. ಅಲ್ಲಿ ಎರಡು ಪಾಠ ಮೂಳೆಯೊಳಗೆ ಇಳಿದುಬಿಟ್ಟಿವೆ. ಒಂದು, ಉಪಕರಣ ಕೆಟ್ಟರೆ ಮುಟ್ಟಬಾರದು. ಅದು ಟೆಲಿಫೋನ್ ವಿಭಾಗದ ಸ್ವತ್ತು. ಎರಡು, ನಿನಗೆ ಅವನ ದನಿ ಕೇಳುತ್ತಿಲ್ಲ ಅಂದರೆ ಅವನಿಗೂ ನಿನ್ನ ದನಿ ಕೇಳುತ್ತಿಲ್ಲ. ಕಿರುಚು.

ಹಾಗಾಗಿ ಅಕ್ಕನ ದನಿ ಬಾವಿಯ ತಳಕ್ಕೆ ಇಳಿದ ದಿನ ನಾನು ಹೆಡ್‌ಸೆಟ್ಟಿನ ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಕೈಕಟ್ಟಿ ಕೂತು ಕಿರುಚಿದೆ. "ಅಕ್ಕಾ, ಕೇಳಿಸ್ತಿಲ್ಲ. ಪುನಃ ಹೇಳು."

ಅಕ್ಕ ಪರದೆಯಿಂದ ಒಂದು ಮೊಳ ಹಿಂದಕ್ಕೆ ಸರಿದು ಪುನಃ ಹಾಡಿದಳು. ಬಾವಿ, ಬಿಂದಿಗೆ.

ಹೆಂಡತಿ ಬಂದು ನಿಂತಳು. "ಒಂದೇ ಕಿವಿಗೆ ಹಾಕ್ಕೊಂಡಿದ್ದೀರಲ್ರೀ."

ಅದೂ ಅಭ್ಯಾಸ. ಇನ್ನೊಂದು ಕಿವಿ ಸಾಹೇಬರ ಫೋನಿಗೆ ಖಾಲಿ ಇಟ್ಟುಕೊಳ್ಳಬೇಕಿತ್ತು. ಎರಡೂ ಕಿವಿಗೆ ಹಾಕಿಕೊಂಡೆ. ಈಗ ಎರಡು ಬಾವಿ.

ಅಷ್ಟರಲ್ಲಿ ಕರೆಗಂಟೆ. ಮೇಲಿನ ಮನೆಯ ತಮಿಳು ಮಹನೀಯರು, ನಿವೃತ್ತ ಗಣಿತದ ಮೇಷ್ಟ್ರು, ಬಾಗಿಲಲ್ಲಿ ನಿಂತಿದ್ದರು. "ಎನ್ನ ಸಾರ್, ಮನೆಯಲ್ಲಿ ಏನಾದರೂ ತೊಂದರೆಯೇ?" ಎಂದು ತಮಿಳಿನಲ್ಲಿ ವಿಚಾರಿಸಿದರು. ತುಮಕೂರಿಗೆ ಮಾತಾಡುತ್ತಿದ್ದೇನೆ ಅಂದೆ.

ಅವರು ಸ್ವಲ್ಪ ಯೋಚಿಸಿ ಹೇಳಿದರು, "ಅಷ್ಟು ದನಿಗೆ ಕಂಪ್ಯೂಟರ್ ಬೇಕಾಗಿಲ್ಲ ಸಾರ್."

ಗೊರಕೆ ಹೊಡೆದ ಕಿವಿ

"ಮೊದಲು ಕಿವಿ ತೋರಿಸಿ, ಆಮೇಲೆ ಕಂಪ್ಯೂಟರು," ಎಂದಳು ಹೆಂಡತಿ. ಕೀಲ್ಪಾಕಿನಲ್ಲಿ ನಮಗೆ ಗೊತ್ತಿರುವ ಒಬ್ಬರು ಕಿವಿ ಡಾಕ್ಟರಮ್ಮ ಇದ್ದಾರೆ. ಅವರು ನನ್ನನ್ನು ಗಾಜಿನ ಕಿಟಕಿಯ ಒಂದು ಪುಟ್ಟ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು.

ಬಾಗಿಲು ಮುಚ್ಚಿತು. ಆಹಾ, ಅದೆಂಥ ಮೌನ ಅಂತೀರಿ. ಮದರಾಸಿಗೆ ಬಂದಮೇಲೆ ಅಂಥ ಮೌನವನ್ನು ನಾನು ಕೇಳಿಯೇ ಇರಲಿಲ್ಲ. ಹಾರ್ನಿಲ್ಲ, ನೀರಿನ ಲಾರಿಯಿಲ್ಲ, ಹಬ್ಬದ ಮೈಕಿಲ್ಲ. ಎಲ್ಲೋ ದೂರದಲ್ಲಿ ಒಂದು ಸಣ್ಣ ಕೂ. ಅದರಾಚೆ ಇನ್ನೂ ಸಣ್ಣದು. ನೋಡನೋಡುತ್ತ ನಾನು ಒಂದು ಚಿಕ್ಕ ಸ್ಟೇಷನ್ನಿನಲ್ಲಿದ್ದೆ. ಅರಿಶಿನ ತುಂಬಿದ ಗೂಡ್ಸು ಗಾಡಿ ಬೇರೆ ಗಾಡಿಗಳಿಗೆ ದಾರಿ ಬಿಟ್ಟು ಪಕ್ಕದ ಲೂಪ್ ಲೈನಿನಲ್ಲಿ ನಿಂತಿದೆ. ಬಿಸಿಲೆಲ್ಲ ಹಳದಿ. ಸ್ಟೇಷನ್ ಮಾಸ್ಟರ್ ನಮ್ಮಕ್ಕ. ಹಸಿರು ಬಾವುಟವನ್ನು ಸೆರಗಿನ ಹಾಗೆ ಹೊದ್ದುಕೊಂಡು, "ಮಂಡಿನೋವು ಕಣೋ, ಸಿಗ್ನಲ್ ಎಳೆಯಕ್ಕೆ ಆಗಲ್ಲ, ಗಾಡಿ ಅಲ್ಲೇ ಇರಲಿ," ಅನ್ನುತ್ತಿದ್ದಾಳೆ. ಇರಲಿ ಬಿಡು, ಅವಸರವೇನು, ಅಂದೆ.

ಯಾರೋ ಭುಜ ಅಲುಗಿಸಿದರು. ಡಾಕ್ಟರಮ್ಮ.

"ಸಾರ್, ನಿಮ್ಮ ಕಿವಿ ಚಿಕ್ಕ ಮಕ್ಕಳ ಕಿವಿಯಂತಿದೆ," ಎಂದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದರು. "ಗೊರಕೆ ಹೊಡೆಯುತ್ತಲೇ ಒಂದು ಸದ್ದೂ ತಪ್ಪದೆ ಗುಂಡಿ ಒತ್ತಿದವರು ಇವರೊಬ್ಬರೇ. ಏನು ಕೆಲಸದಲ್ಲಿದ್ದರು?"

"ರೈಲ್ವೆ," ಎಂದಳು ಹೆಂಡತಿ. "ನೈಟ್ ಡ್ಯೂಟಿ."

ಅಕ್ಕನ ಮಂಡಿಗೆ ಎಣ್ಣೆ

ಕಿವಿ ಸರಿಯಿದೆ ಅಂದಮೇಲೆ ಕಂಪ್ಯೂಟರಿಗೇ ಬರಬೇಕಾಯಿತು. "ಇಂಟರ್ನೆಟ್‌ನಲ್ಲಿ ಫೋರಂ ಇರುತ್ತಪ್ಪಾ, ಅಲ್ಲಿ ಕೇಳು. ಆದರೆ ಶಾರ್ಟಾಗಿ ಬರಿ," ಎಂದು ಹೇಳಿ ಮಗಳು ಆಫೀಸಿಗೆ ಹೋದಳು.

ಶಾರ್ಟಾಗಿಯೇ ಬರೆದೆ. ಹೆಡ್‌ಸೆಟ್ಟಿನ ಸದ್ದು ಸಣ್ಣದು ಎಂದು ಒಂದು ವಾಕ್ಯ. ಯಾಕೆ ಬೇಕು ಎಂದು ತಿಳಿಯಬೇಡವೇ? ಅದಕ್ಕೆ ಮಗಳ ಮದುವೆ ಬರೆದೆ. ಮದುವೆ ಅಂದಮೇಲೆ ಅರಿಶಿನ. ಅರಿಶಿನ ಅಂದಮೇಲೆ ಒನಕೆ ಹೇಗಿರುತ್ತದೆ ಎಂದು ಪರದೇಶದವರಿಗೆ ಹೇಳಬೇಕು. ಹಾಡು, ಅಮ್ಮ, ಅಕ್ಕ, ಅಕ್ಕನ ಮಂಡಿ. ಬರೆದು ಮುಗಿಸುವಷ್ಟರಲ್ಲಿ ಸಂಜೆಯ ಕಡಲ ಗಾಳಿ ಎದ್ದು ಕಿಟಕಿಯ ಪರದೆಗಳು ಹಾರಾಡತೊಡಗಿದ್ದವು.

ಮಾರನೆಯ ಬೆಳಿಗ್ಗೆ ನೋಡಿದರೆ ಉತ್ತರಗಳೋ ಉತ್ತರಗಳು. ಹಿಮ ಬೀಳುವ ಯಾವುದೋ ಊರಿನ ಒಬ್ಬ, ತನ್ನ ಅಜ್ಜಿಯೂ ಹಿಟ್ಟು ನಾದುವಾಗ ಹಾಡುತ್ತಿದ್ದಳು ಎಂದು ಬರೆದಿದ್ದ. ಇನ್ನೊಬ್ಬ ಒನಕೆಯ ಉದ್ದ ಕೇಳಿದ್ದ. ಮತ್ತೊಬ್ಬಳು ಮಂಡಿಗೆ ಯಾವ ಎಣ್ಣೆ ಹಚ್ಚಬೇಕೆಂದು ಹೇಳಿದ್ದಳು. ಅದರ ಕೆಳಗೆ ಇನ್ನೊಬ್ಬ, ಆ ಎಣ್ಣೆ ಬೇಡ, ಈ ಎಣ್ಣೆ ಹಚ್ಚಿ ಎಂದು ಜಗಳ ತೆಗೆದಿದ್ದ. ಓದುತ್ತ ಓದುತ್ತ ನನಗೆ ಮೈಯೆಲ್ಲ ಹಗುರವಾಯಿತು. ಭೂಮಿಯ ಆ ಮಗ್ಗುಲಲ್ಲಿ ಕಂಡುಕೇಳದ ಜನ ನಮ್ಮಕ್ಕನ ಮಂಡಿಯ ಯೋಚನೆಯಲ್ಲಿ ಹೊರಳಾಡುತ್ತಿದ್ದಾರೆ. ನಮ್ಮ ಮನೆಯ ಹತ್ತಿರದ ಮೇಲ್ಸೇತುವೆಯ ಮೇಲೆ ಲೋಕಲ್ ರೈಲು ಕೂಡ ಅವತ್ತು ಮೆಲ್ಲಗೆ ಹೋದ ಹಾಗಿತ್ತು.

ಸಂಜೆ ಮಗಳು ಬಂದು ಕೇಳಿದಳು, "ಸೌಂಡ್ ಬಗ್ಗೆ ಏನಂದ್ರು?"

"ಅದೊಂದು ಬಿಟ್ಟು ಎಲ್ಲ ಗೊತ್ತಾಯ್ತಮ್ಮ," ಅಂದೆ.

ಎರಡನೇ ನುಡಿ

ಕೊನೆಗೆ ಒಬ್ಬ ಪುಣ್ಯಾತ್ಮ ಎರಡು ಸಾಲಿನಲ್ಲಿ ಉತ್ತರ ಬರೆದ. ಪರದೆಯ ಮೇಲೆ ನಾನು ಕಾಣುತ್ತಿರುವ ನೂರರ ಗುರುತು ಕಂಪ್ಯೂಟರಿನದ್ದಂತೆ. ಹೆಡ್‌ಸೆಟ್ಟಿಗೆ ಅದರದ್ದೇ ಒಳಗಿನ ವಾಲ್ಯೂಮು ಬೇರೆ ಇರುತ್ತದಂತೆ, ಅದು ತಗ್ಗಿರಬಹುದು. ಕಂಪ್ಯೂಟರಿಗೆ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು ಆಲ್ಸಾಮಿಕ್ಸರ್ ಎಂದು ಹೊಡಿ, ಎಫ್ ಆರು ಒತ್ತಿ ಹೆಡ್‌ಸೆಟ್ಟನ್ನು ಆರಿಸು, ಮೇಲ್ಮುಖದ ಬಾಣ ಒತ್ತು.

ಹೆಂಡತಿಗೆ ಓದಿ ಹೇಳಿದೆ. ಅವಳಿಗೆ ತಕ್ಷಣ ಅರ್ಥವಾಯಿತು. "ಮೊಟ್ಟೈಮಾಡಿ ವಾಲ್ವು ಕಣ್ರೀ." ತಾರಸಿಗೆ ಇಲ್ಲಿ ಹಾಗೆ ಅನ್ನುತ್ತಾರೆ, ನಮ್ಮ ಬಾಯಿಗೂ ಅದೇ ಬಂದುಬಿಟ್ಟಿದೆ. "ಬಚ್ಚಲ ನಲ್ಲಿ ಎಷ್ಟು ತಿರುಗಿಸಿದ್ರೇನು, ಮೇಲೆ ಟ್ಯಾಂಕಿನ ವಾಲ್ವು ಮುಚ್ಚಿದ್ರೆ ನೀರು ಬರುತ್ತಾ?"

ಮಧ್ಯಾಹ್ನ ಊಟವಾದ ಮೇಲೆ ಅಕ್ಕನನ್ನು ಕರೆದು ಕೂರಿಸಿದೆವು. ಹೆಂಡತಿಯೂ ಕೇಳಲಿ ಎಂದು ಹೆಡ್‌ಸೆಟ್ಟನ್ನು ಇಬ್ಬರ ನಡುವೆ ಹಿಡಿದು ಒಂದೊಂದು ಕಿವಿ ಹಂಚಿಕೊಂಡೆವು. ಫ್ಯಾನು ತಿರುಗುತ್ತಿತ್ತು. ಬಿಸಿಲು ನೆಲದ ಮೇಲೆ ಚಾಪೆ ಹಾಸಿತ್ತು. ಬಾವಿಯ ತಳದಿಂದ ಹಾಡು ಬರುತ್ತಲೇ ಇತ್ತು. ಕಪ್ಪು ಕಿಟಕಿಯಲ್ಲಿ ಹೆಡ್‌ಸೆಟ್ಟಿನ ಹೆಸರಿನ ಕೆಳಗೆ ಒಂದು ಕಂಬ, ಅದರ ಬುಡದಲ್ಲಿ ಬೆರಳಗಲಕ್ಕೂ ಕಮ್ಮಿ ಹಸಿರು. ಬಾಣ ಒತ್ತಿದೆ. ಹಸಿರು ಏರಿತು. ಇನ್ನೊಮ್ಮೆ ಒತ್ತಿದೆ. ಅಕ್ಕ ಬಾವಿಯ ಮೆಟ್ಟಿಲು ಹತ್ತಿ ಬರುತ್ತಿರುವ ಹಾಗೆ ದನಿ ಹತ್ತಿರವಾಯಿತು, ಹತ್ತಿರವಾಯಿತು, ಕಿವಿಯ ಪಕ್ಕಕ್ಕೇ ಬಂದು ಕೂತಿತು.

*ಒರಳಲ್ಲಿ ಅರಿಶಿನ, ಒನಕೆಗೆ ಹೂಮಾಲೆ*
*ತಂಗಿ ಬಾ ನಿನ್ನ ಕೈಯಿಡು...*

ನನ್ನ ಕಣ್ಣು ತುಂಬಿ ಬಂತು. ಅಕ್ಕ ಆ ಎರಡು ಸಾಲನ್ನು ಮುಗಿಸಿದಳು. ಪುನಃ ಅದೇ ಎರಡು ಸಾಲು. ಮತ್ತೆ ಅದೇ. ಆಮೇಲೆ ಹಾಡು ನಿಂತಿತು, ತುಟಿ ಮಾತ್ರ ನಿಲ್ಲಲಿಲ್ಲ. ಬಹಳ ಭಾವಪೂರ್ಣವಾಗಿ, ತಲೆದೂಗುತ್ತ, ಒಂದು ಅಕ್ಷರವೂ ಹೊರಬೀಳದ ಹಾಗೆ ತುಟಿ ಆಡಿಸುತ್ತಿದ್ದಾಳೆ. ಸದ್ದು ಮತ್ತೆ ಹೋಯಿತೆಂದು ನಾನು ಬಾಣ ಒತ್ತಿದೆ. ಆಗ ಅಕ್ಕ ಮುಖ ಒಂದಿಷ್ಟೂ ತಿರುಗಿಸದೆ ಪಕ್ಕದಲ್ಲಿದ್ದ ಸೊಸೆಗೆ ಹೇಳಿದ್ದು ಗಂಟೆ ಬಾರಿಸಿದ ಹಾಗೆ ಕೇಳಿತು.

"ಎರಡನೇ ನುಡಿ ಇವತ್ತೂ ನೆನಪಿಗೆ ಬರ್ಲಿಲ್ಲ ಕಣೆ. ಸದ್ಯ, ಇವಕ್ಕೆ ಕಿವಿ ಕೇಳಲ್ವಲ್ಲ. ಇನ್ನೊಂದು ಸ್ವಲ್ಪ ಬಾಯಿ ಆಡಿಸಿ ಎದ್ದುಬಿಡ್ತೀನಿ."

ಹೆಂಡತಿ ಕಿಸಕ್ಕನೆ ನಕ್ಕಳು. ಅಕ್ಕನ ತುಟಿ ಹಾಗೇ ನಿಂತಿತು.

"ಕೇಳಿಸ್ತೇನೋ?" ಎಂದಳು.

"ಕೇಳಿಸ್ತಕ್ಕ."

ಅಕ್ಕ ಸೆರಗು ಸರಿಮಾಡಿಕೊಂಡು ಹೇಳಿದಳು, "ನನಗೆ ಮೊದಲಿಂದಲೂ ಎಲ್ಲ ಕೇಳಿಸ್ತಿತ್ತು ಕಣಪ್ಪ. ನಿನ್ನ ಹೆಂಡ್ತಿ ನನ್ನ ಹೋಳಿಗೆನ ಚಪ್ಪಲಿ ಅಟ್ಟೆ ಅಂದಿದ್ದೂ, ನೀನು ಹೌದ್ಹೌದು ಅಂದಿದ್ದೂ."

ನಮ್ಮ ಕಂಟ್ರೋಲ್ ಆಫೀಸಿನ ಎರಡನೇ ಪಾಠ ಅಲ್ಲಿಗೆ ಮಣ್ಣಾಯಿತು. ಅತ್ತ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ ನಾವಿಬ್ಬರೂ ಅಷ್ಟೂ ದಿನ ಅವಳ ಮುಖದೆದುರೇ ಏನೇನು ಆಡಿಕೊಂಡಿದ್ದೆವೋ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಳು. ನಾನು ಫ್ಯಾನಿನ ರೆಕ್ಕೆ ನೋಡಿದೆ. ಹಾಡು ಹೋಯಿತಲ್ಲ ಅನ್ನುವುದು ಆಗ ಮೆಲ್ಲಗೆ ಮನಸ್ಸಿಗಿಳಿಯಿತು. ಅಕ್ಕನ ಮುಖದಲ್ಲೂ ಅದೇ ಇತ್ತು. "ಅಮ್ಮನ ಹಾಡು. ನುಂಗಿಬಿಟ್ಟೆ ನೋಡು," ಎಂದಳು. ತುಮಕೂರಿನ ಗೋಡೆ ಗಡಿಯಾರದ ಟಿಕ್ ಟಿಕ್ ಕೂಡ ಈಗ ಚೆನ್ನಾಗಿ ಕೇಳುತ್ತಿತ್ತು.

ಸೆರಗಿನೊಳಗಿಂದ ಒಂದು ದನಿ ಬಂತು.

*ಕೈಯಿಟ್ಟ ಗಳಿಗೇಲಿ ಹೊನ್ನಾಯ್ತು ಪುಡಿಯೆಲ್ಲ*
*ಹೊಸಿಲಾಚೆ ಬೆಳಕು ಹರಿದಾವು...*

ಮದುವೆಯಾದಾಗಿನಿಂದ "ನನಗೆ ಹಾಡಕ್ಕೆ ಬರಲ್ಲ" ಅನ್ನುತ್ತ ಬಂದವಳು. ನಮ್ಮ ಮನೆಯ ಎಲ್ಲ ಅರಿಶಿನ ಶಾಸ್ತ್ರದಲ್ಲೂ ಅಕ್ಕನ ಬೆನ್ನ ಹಿಂದೆ ಆರತಿ ತಟ್ಟೆ ಹಿಡಿದು ನಿಂತಿದ್ದವಳು. ಎರಡನೆಯದು, ಮೂರನೆಯದು, ಕೊನೆಯ ನುಡಿಯವರೆಗೂ ಹಾಡಿದಳು. ಅಕ್ಕ ಕಣ್ಣೊರೆಸಿಕೊಳ್ಳುತ್ತ ಪ್ರತಿ ಸಾಲನ್ನೂ ಹಿಂದಿನಿಂದ ಹೇಳಿಕೊಂಡಳು. ನಾನು ರೆಕಾರ್ಡ್ ಗುಂಡಿ ಒತ್ತಿದ್ದೆನೋ ಇಲ್ಲವೋ ಎಂದು ನೋಡಲೂ ಇಲ್ಲ. ಇನ್ನು ಯಾಕೆ ಬೇಕು?

"ಇಷ್ಟು ಚೆನ್ನಾಗಿ ಬರುತ್ತಲ್ಲೇ, ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?" ಎಂದಳು ಅಕ್ಕ.

"ನೀವು ಬಿಟ್ರಲ್ವಾ ಅಕ್ಕ," ಎಂದಳು ನನ್ನ ಹೆಂಡತಿ.

ಅಕ್ಕ ನಕ್ಕಳೋ, ಕೆಮ್ಮಿದಳೋ, ಆಮೇಲೆ ಹೋಳಿಗೆಯ ವಿಚಾರ ತೆಗೆದಳು. ಅವಳ ಹೋಳಿಗೆ, ಇವಳ ಸಾರು, ಯಾರ ಮದುವೆಯಲ್ಲಿ ಯಾರು ಯಾರಿಗೆ ಏನಂದರು, ಹಳೆಯದೆಲ್ಲ ಮೇಲೆ ಬಂತು. ಕಂಬ ಪೂರ್ತಿ ಹಸಿರಾಗಿತ್ತು, ಒಂದು ಮಾತೂ ತಪ್ಪದೆ ಕೇಳುತ್ತಿತ್ತು. ಮದುವೆ ಮುಗಿದು ಮಗಳು ಗಂಡನ ಮನೆಗೆ ಹೋದಳು, ಇವರ ಮಾತು ಇನ್ನೂ ಮುಗಿದಿಲ್ಲ. ದಿನವೂ ಊಟವಾದ ಮೇಲೆ ಹೆಡ್‌ಸೆಟ್ಟು ಹೆಂಡತಿಯ ತಲೆ ಮೇಲೆ. ಮೊದಲು ಜಗಳ, ಆಮೇಲೆ ಹಾಡು. ನಾನು ಪಕ್ಕದ ಈಸಿಚೇರಿನಲ್ಲಿ ಕಣ್ಣುಮುಚ್ಚಿದರೆ ಹಳದಿ ಬಿಸಿಲು, ಲೂಪ್ ಲೈನು, ಹೊರಡಲು ಯಾವ ಅವಸರವೂ ಇಲ್ಲದ ಗಾಡಿ. ಯಾಕೆ ಹೀಗೆ ನಡೆದೇ ಇದೆ ಎಂದು ಒಂದು ದಿನ ಕೇಳಿದ್ದಕ್ಕೆ ಅಕ್ಕನೇ ಲೆಕ್ಕ ಹಾಕಿ ಹೇಳಿದಳು: ಅವತ್ತು ಮಾಡಿದ್ದನ್ನು ವರ್ಷವಿಡೀ ಮಾಡಬೇಕಾಗುತ್ತದೆ ಎಂದು ಹಿರಿಯರು ಹೇಳುವ ಆ ಒಂದೇ ದಿನವನ್ನು ನಾವು ಹೆಡ್‌ಸೆಟ್ಟು ಸರಿಮಾಡಲು ಹುಡುಕಿ ಹಿಡಿದಿದ್ದೆವು. ಯುಗಾದಿಯ ಮಾರನೆಯ ದಿನ, ಹೊಸತೊಡಕು.